ಟೀಚರ್‌ಗೆ ಅವರದೇ ಹಾಡು ಕಲಿಸಿದವಳು

ಹೋದ ತಿಂಗಳು ಒಂದು ಭಾನುವಾರ ಶೃಂಗೇರಿಯಲ್ಲಿ ನಾನು ತೀರ್ಪುಗಾರ್ತಿಯಾಗಿ ಕೂತಿದ್ದೆ. ಊಟದ ಹೊತ್ತಿಗೆ ನನಗೇ ತೀರ್ಪು ಹೇಳಲಿಕ್ಕೆ ಬೇರೆ ಒಬ್ಬರು ಬೇಕಾಗಿದ್ದರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕುಗಳ ಮಹಿಳಾ ಭಜನಾ ಮಂಡಳಿಗಳ ಸ್ಪರ್ಧೆ ಅದು. ಸಮುದಾಯ ಭವನದ ತುಂಬ ಸೀರೆ, ತಾಳ, ಹಾರ್ಮೋನಿಯಂ. ತಂಡಕ್ಕೊಂದು ಬಣ್ಣದ ಸೀರೆ (ಎರಡು ತಂಡಗಳದ್ದು ಒಂದೇ ಬಣ್ಣವಾಗಿ, ಆ ಹದಿನಾರು ಜನ ಬೆಳಗಿನಿಂದ ಒಬ್ಬರನ್ನೊಬ್ಬರು ನೋಡಲೇ ಇಲ್ಲ). ತೀರ್ಪುಗಾರರು ಮೂವರು. ಇನ್ನಿಬ್ಬರು ಸಂಗೀತ ಓದಿದವರು. ನಾನು? ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮೊಡನೆ ಹರಟುವವಳು, ಚಿಕ್ಕಂದಿನಲ್ಲಿ ಏಳು ವರ್ಷ ಪಾಠಕ್ಕೆ ಹೋದವಳು. ಅಷ್ಟೇ ಕ್ವಾಲಿಫಿಕೇಶನ್.

ಸ್ಪರ್ಧೆಯ ಉಸ್ತುವಾರಿ ಶೇಷಪ್ಪ ಮೇಷ್ಟ್ರದು. ರಿಟೈರ್ ಆಗಿ ಹತ್ತು ವರ್ಷವಾದರೂ ಅಟೆಂಡೆನ್ಸ್ ತೆಗೆದುಕೊಳ್ಳುವ ಧ್ವನಿ ಹಾಗೇ ಇದೆ. ಮೈಕ್ ಹಿಡಿದು ನಿಯಮ ಓದಿದರು. "ಪ್ರತಿ ತಂಡಕ್ಕೆ ಎರಡು ಹಾಡು. ಹಳೆಯ ಸಾಂಪ್ರದಾಯಿಕ ರಚನೆಗಳನ್ನು ಮಾತ್ರ ಹಾಡತಕ್ಕದ್ದು. ಈಗ ಬದುಕಿರುವವರು ಬರೆದದ್ದು ನಡೆಯುವುದಿಲ್ಲ."

ಈ ನಿಯಮಕ್ಕೊಂದು ಕಾರಣವಿದೆ. ಹಿಂದಿನ ಸಲ ಒಂದು ತಂಡ ತಮ್ಮ ಅಧ್ಯಕ್ಷೆಯ ಗಂಡ ಬರೆದ ದೇವರನಾಮ ಹಾಡಿತ್ತಂತೆ. ಅದರಲ್ಲಿ ದೇವರ ಹೆಸರಿಗಿಂತ ಗಂಡನ ಹೆಸರೇ ಹೆಚ್ಚು ಸಲ ಬಂದಿತ್ತಂತೆ.

ಕೆರೆಕಟ್ಟೆಯ ತಂಡ ವೇದಿಕೆಗೆ ಬಂದಾಗ ಹನ್ನೊಂದು ಗಂಟೆ. ಎಂಟು ಜನ ಹೆಂಗಸರು. ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಎರಡು ಜೊತೆ ತಾಳ ಅಷ್ಟೇ. ಮುಂದೆ ಕೂತವಳು ಸುಜಾತ, ಮೂವತ್ತೈದರ ಆಸುಪಾಸಿನವಳು. ಮೊದಲ ಹಾಡು ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಮೇಷ್ಟ್ರು ಚೀಟಿ ನೋಡಿ ಹೇಳಿದರು, "ಸಾಂಪ್ರದಾಯಿಕ. ಬರೆದವರು ಯಾರೆಂದು ಗೊತ್ತಿಲ್ಲ."

ಸುಜಾತ ಶುರುಮಾಡಿದಳು. "ಬಾಗಿಲು ತೆರೆದಿದೆ ತಾಯೆ, ಒಳಗೆ ಬಾರೆ..."

ನನ್ನ ಪೆನ್ನು ನಿಂತಿತು. ಬರೆದವರು ಯಾರೆಂದು ನನಗೆ ಗೊತ್ತಿತ್ತು. ಯಾಕೆ ಬರೆದರು ಎನ್ನುವುದೂ ಗೊತ್ತಿತ್ತು. ಆ ಹಾಡು ಹುಟ್ಟಿದ್ದು ನನ್ನಿಂದಾಗಿ.

ನಲವತ್ತು ವರ್ಷದ ಹಿಂದಿನ ಮಾತು. ಕೊಪ್ಪದಲ್ಲಿ ಲಲಿತಮ್ಮ ಟೀಚರ್ ಅಂದರೆ ಗೊತ್ತಿಲ್ಲದ ಮನೆ ಇರಲಿಲ್ಲ. ಸಂಜೆ ನಾಲ್ಕೂವರೆಗೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿದರೆ ಏಳರ ತನಕ ಪಾಠ. ಅವರು ಮಕ್ಕಳಿಗೆ ಹಾಡು ಕಲಿಸುತ್ತಿದ್ದರು ಅನ್ನುವುದಕ್ಕಿಂತ ಮಕ್ಕಳಿಗೆ ತಕ್ಕ ಹಾಡು ಕಟ್ಟುತ್ತಿದ್ದರು ಅನ್ನಬೇಕು. ಒಬ್ಬಳಿಗೆ ನಾಲಿಗೆ ಹೊರಳುವುದಿಲ್ಲವೆ? ಅವಳಿಗೆ ಟ, ಠ, ಡ, ಢ ತುಂಬಿದ ಒಂದು ಗಣಪತಿ ಸ್ತುತಿ. ಇನ್ನೊಬ್ಬಳು ತಾಳ ತಪ್ಪಿ ಓಡುತ್ತಾಳೆಯೆ? ಅವಳಿಗೆ ಪ್ರತಿ ಸಾಲಿನ ಕೊನೆಗೂ ಕಾದು ನಿಲ್ಲಲೇಬೇಕಾದ ಒಂದು ಶಿವನ ಹಾಡು. ಮದುವೆ ಕಾಗದಗಳ ಹಿಂದಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಒಂದರಲ್ಲೂ ಅವರ ಹೆಸರಾಗಲಿ ಅಂಕಿತವಾಗಲಿ ಇರುತ್ತಿರಲಿಲ್ಲ.

ನನ್ನ ಕಾಯಿಲೆ ಉಸಿರಿನದು. ಸಾಲಿನ ನಡುವೆಯೇ ಗಬಕ್ಕನೆ ಉಸಿರು ನುಂಗುತ್ತಿದ್ದೆ. ಅದಕ್ಕಾಗಿ ಟೀಚರ್ ಶಾರದೆಯ ಮೇಲೆ ಈ ಹಾಡು ಕಟ್ಟಿದರು. ಚರಣದ ಕೊನೆಗೆ "ಬಾರೆ" ಎನ್ನುವಲ್ಲಿ ಬಾ ಅಕ್ಷರವನ್ನು ಹದಿನಾರು ಎಣಿಕೆ ಎಳೆಯಬೇಕು. ಮೂರು ತಿಂಗಳು ಕಷ್ಟಪಟ್ಟೆ. ಹದಿನಾರಕ್ಕೆ ತಲುಪಿದ ದಿನ ಟೀಚರ್ ನನಗೊಂದು ಕೊಬ್ಬರಿ ಮಿಠಾಯಿ ಕೊಟ್ಟರು. ಅಂಥ ಹಾಡನ್ನು "ಯಾರದೋ" ಅಂದರೆ ಹೇಗಾಗಬೇಡ?

ಕೆರೆಕಟ್ಟೆಯವರು ಅದನ್ನು ಸ್ವಲ್ಪ ಬದಲಿಸಿದ್ದರು. ಟೀಚರ್ ಬರೆದ "ಶುಕಪಾಣಿ" ಇವರ ಬಾಯಲ್ಲಿ "ಸುಖವಾಣಿ" ಆಗಿತ್ತು (ದೇವಿಯ ಕೈಯ ಗಿಳಿ ಹಾರಿಹೋಗಿತ್ತು). ಮತ್ತೆ ಆ ಹದಿನಾರು ಎಣಿಕೆ? ಅದು ಇರಲೇ ಇಲ್ಲ. ಆ ಜಾಗದಲ್ಲಿ ಎಂಟೂ ಜನ ಸೇರಿ "ಬಾ ತಾಯಿ ಬಾರೆ, ಬೇಗ ಬಾರೆ, ಈಗ ಬಾರೆ" ಎಂದು ಚಿಕ್ಕ ಚಿಕ್ಕ ಮಾತುಗಳನ್ನು ತುಂಬಿದ್ದರು. ಭವನದಲ್ಲಿದ್ದವರೆಲ್ಲ ತಮಗೆ ತಿಳಿಯದೆಯೇ ಚಪ್ಪಾಳೆಯಲ್ಲಿ ತಾಳ ಹಾಕುತ್ತಿದ್ದರು. ನಾನೂ ಹಾಕುತ್ತಿದ್ದೆ.

ಆಮೇಲೆ ನಿಯಮ ನೆನಪಾಯಿತು. ಲಲಿತಮ್ಮ ಟೀಚರ್ ಬದುಕಿದ್ದಾರೆ. ಎಪ್ಪತ್ತೆಂಟು ವರ್ಷ. ಮಗಳೊಂದಿಗೆ ಇಲ್ಲೇ ಹತ್ತಿರದ ಬೇಗಾರ್‌ನಲ್ಲಿದ್ದಾರೆ. ನಾನು ಬಾಯಿ ಬಿಟ್ಟರೆ ಕೆರೆಕಟ್ಟೆಯ ತಂಡ ಸ್ಪರ್ಧೆಯಿಂದ ಹೊರಗೆ. ಬಿಡದಿದ್ದರೆ ನಾನೆಂಥ ತೀರ್ಪುಗಾರ್ತಿ? ಅದಕ್ಕಿಂತ, ನಾನೆಂಥ ಶಿಷ್ಯೆ?

ಹೊರಗೆ ಹೋಗಿ ಟೀಚರ್‌ಗೆ ಫೋನ್ ಮಾಡಿದೆ. ವಿಷಯವನ್ನೆಲ್ಲ ಹೇಳಿದೆ.

"ಎಂತ ಕೂಸೇ," ಅಂದರು (ನನಗೀಗ ಐವತ್ತೆರಡು, ಅವರಿಗೆ ಇವತ್ತಿಗೂ ಕೂಸು). "ನಿಯಮ ಗಿಯಮ ಆಮೇಲೆ ಹೇಳು. ಚೆನ್ನಾಗಿ ಹಾಡಿದ್ರಾ?"

"ತುಂಬ ಚೆನ್ನಾಗಿ ಹಾಡಿದ್ರು ಟೀಚರ್. ಆದ್ರೆ ಆ ಉದ್ದದ ಬಾರೆಯನ್ನ ತೆಗೆದುಹಾಕಿದ್ದಾರೆ."

"ತೆಗೆದು ಎಂತ ಹಾಕಿದ್ದಾರೆ?"

ಹಾಡಿ ತೋರಿಸಿದೆ.

"ಅವರನ್ನ ಊಟಕ್ಕೆ ಕೂರಿಸು. ಹೋಗ್ಲಿಕ್ಕೆ ಬಿಡ್ಬೇಡ. ನಾನು ಬತ್ತೆ."

ಒಂದು ಗಂಟೆಯೊಳಗೆ ಆಟೋದಿಂದ ಇಳಿದರು. ಕೈಯಲ್ಲಿ ಛತ್ರಿ, ಹೆಗಲಲ್ಲಿ ಬಟ್ಟೆಯ ಚೀಲ. ಮೇಷ್ಟ್ರು ಎದ್ದು ಬಂದು ಕುರ್ಚಿ ಕೊಟ್ಟರೆ ಅದರತ್ತ ನೋಡಲೂ ಇಲ್ಲ. ಸೀದಾ ಊಟದ ಹಾಲ್‌ಗೆ ಹೋಗಿ, ಕೈ ತೊಳೆದು ಬರುತ್ತಿದ್ದ ಸುಜಾತಳನ್ನು ನಾನು ತೋರಿಸಿದ್ದೇ ಅವಳ ಎದುರು ನಿಂತರು. ತಾವು ಯಾರೆಂದು ಹೇಳಲಿಲ್ಲ.

"ತಂಗೀ, ಆ ಬಾಗಿಲು ತೆರೆದಿದೆ ಹಾಡಿದ್ದು ನೀನಲ್ವಾ? ನಂಗೊಂದು ಸಲ ಹೇಳಿಕೊಡ್ತೀಯಾ?"

ಸುಜಾತ ಕೈ ಒರೆಸಿಕೊಂಡಳು. "ಅದಕ್ಕೆಂತ ಅಮ್ಮಾ, ಕೂತ್ಕೊಳ್ಳಿ."

ಇಬ್ಬರೂ ಬೆಂಚಿನ ಮೇಲೆ ಕೂತರು. ಸುಜಾತ ಒಂದು ಸಾಲು ಹಾಡುವುದು, ಟೀಚರ್ ಅದನ್ನು ಹೇಳುವುದು. ನಾನು ಕಂಬದ ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಚರಣದ ಕೊನೆ ಬಂತು. ನಲವತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಟೀಚರ್ ತಮ್ಮ ಧಾಟಿಯಲ್ಲೇ "ಬಾ..." ಎಂದು ಎಳೆಯತೊಡಗಿದರು.

ಸುಜಾತ ಅವರ ಮೊಣಕೈ ಮುಟ್ಟಿ ನಿಲ್ಲಿಸಿದಳು. "ಹಾಗಲ್ಲ ಅಮ್ಮಾ. ಅಲ್ಲಿ ಎಳೀಬಾರ್ದು. ಎಳೆದ್ರೆ ಉಸಿರೂ ಸಾಲೂದಿಲ್ಲ, ಕರೆದ ಹಾಗೂ ಆಗೂದಿಲ್ಲ. ಅಡುಗೆಮನೆಯಿಂದ ಅಮ್ಮನ್ನ ಕರೀತೇವಲ್ಲ, ಹಾಗೆ ಕರೀಬೇಕು."

ಟೀಚರ್ ವಿಧೇಯವಾಗಿ ತಲೆಯಾಡಿಸಿದರು. ಹೇಳಿದಂತೆ ಹಾಡಿದರು. ಒಂದಲ್ಲ, ಮೂರು ಸಲ. ಮೂರನೆಯ ಸಲ ಸುಜಾತ, "ಹಾಂ, ಈಗ ಬಂತು ನೋಡಿ," ಅಂದಳು.

ಸ್ವರ ತಪ್ಪಿದರೆ ನಮ್ಮನ್ನೆಲ್ಲ ಚಾಪೆಯಿಂದ ಎಬ್ಬಿಸಿ ನಿಲ್ಲಿಸುತ್ತಿದ್ದ ಟೀಚರ್ ಇವರೇ ಏನು? ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಇದನ್ನ ಹೀಗೆ ಬದಲಾಯಿಸಿದ್ದು ಯಾರು?" ಟೀಚರ್ ಕೇಳಿದರು.

"ನಮ್ಮಮ್ಮ. ಹಿಂದೆ ಊರಿಗೆ ಅಂಗನವಾಡಿ ಟೀಚರ್ ಒಬ್ರು ಬಂದಿದ್ರಂತೆ, ನಾನು ಹುಟ್ಟೂಕೆ ಮೊದ್ಲು. ಅವರು ಹೇಳಿಕೊಟ್ಟದ್ದು. ಅಮ್ಮಂಗೆ ಉಬ್ಬಸ. ಉದ್ದ ಎಳೀಲಿಕ್ಕೆ ಆಗ್ತಿರ್ಲಿಲ್ಲ. ಅದಕ್ಕೆ ಮಾತು ಸೇರಿಸಿಕೊಂಡ್ರು."

ಆ ಅಂಗನವಾಡಿ ಟೀಚರ್ ಯಾರೆಂದು ಲಲಿತಮ್ಮನವರಿಗೆ ತಕ್ಷಣ ಹೊಳೆಯಿತು. ಅವರದೇ ಹಳೆಯ ಶಿಷ್ಯೆ, ನನಗಿಂತ ಹಿರಿಯ ಬ್ಯಾಚು; ನಾನು ಬಾರೆ ಎಳೆಯುತ್ತಿದ್ದಾಗ ಅದೇ ಚಾಪೆಯಲ್ಲಿ ಕೂತು ಕೇಳಿದವಳು.

ಇಷ್ಟರಲ್ಲಿ ನನ್ನ ಮನಸ್ಸಾಕ್ಷಿ ಸುಮ್ಮನಿರಲಿಲ್ಲ. ಹೋಗಿ ಮೇಷ್ಟ್ರಿಗೂ ಇನ್ನಿಬ್ಬರು ತೀರ್ಪುಗಾರರಿಗೂ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಮೇಷ್ಟ್ರ ಮುಖ ಸಣ್ಣದಾಯಿತು. ನಿಯಮದ ಹಾಳೆ ಹಿಡಿದುಕೊಂಡೇ ಊಟದ ಹಾಲ್‌ಗೆ ಬಂದರು. "ಲಲಿತಮ್ಮನೋರೇ, ಇದು ನಿಮ್ಮ ರಚನೆಯಂತೆ ಹೌದಾ? ಹೌದಾದ್ರೆ ಈ ತಂಡವನ್ನ ಕೈಬಿಡ್ಬೇಕಾಗ್ತದೆ. ನಂಗೂ ಬೇಜಾರೇ."

ಸುಜಾತ ಬೆಂಚಿನಿಂದ ಎದ್ದು ನಿಂತಳು. "ನಿಮ್ಮ ಹಾಡಾ ಅಮ್ಮಾ? ಅಯ್ಯೋ, ನಾನು ನಿಮಗೇ ಹೇಳಿಕೊಟ್ನಲ್ಲ."

ಉಳಿದ ಏಳು ಜನ ತಟ್ಟೆ ಕೆಳಗಿಟ್ಟರು. ಅಷ್ಟು ದೂರದಿಂದ, ಕಾಡಿನೊಳಗಿನ ಊರಿಂದ, ಒಂದು ದಿನದ ಕೆಲಸ ಬಿಟ್ಟು ಜೀಪು ಮಾಡಿಕೊಂಡು ಬಂದವರು. ನನಗಂತೂ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು.

ಟೀಚರ್ ಮಾತ್ರ ನಿಧಾನವಾಗಿ ಛತ್ರಿಯನ್ನು ಬೆಂಚಿಗೆ ಒರಗಿಸಿದರು. "ಮೇಷ್ಟ್ರೇ, ನಾನು ಒಂದು ಹಾಡು ಬರ್ದದ್ದು ಹೌದು. ಅದು ಈ ಕೂಸಿನ ಉಸಿರು ರಿಪೇರಿಗೆ ಬರ್ದದ್ದು. ಅದರಲ್ಲಿ ಒಂದು ಕಡೆ ನಂಗೆ ಯಾವತ್ತೂ ಸರಿ ಅನ್ಸಿರ್ಲಿಲ್ಲ. ನಾನು ತಾಯಿಯನ್ನ ಆಲಾಪನೆ ಮಾಡಿ ಕರ್ದೆ. ಇವಳ ಅಮ್ಮ ಕರೆಯುವ ಹಾಗೆ ಕರ್ದಿದ್ದಾಳೆ. ಇವರು ಹಾಡಿದ್ದು ನನ್ನ ಹಾಡಲ್ಲ, ಯಾರೂ ಕೂತು ಬರ್ದದ್ದೂ ಅಲ್ಲ, ಬಾಯಿಂದ ಬಾಯಿಗೆ ಆದದ್ದು. ನನ್ನದು ಇಷ್ಟು ಚೆನ್ನಾಗಿರ್ಲಿಲ್ಲ."

ಮೇಷ್ಟ್ರು ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಂಥದ್ದಕ್ಕೆ ಅದರಲ್ಲೇನೂ ಬರೆದಿರಲಿಲ್ಲ. ಕೊನೆಗೆ ಮೇಷ್ಟ್ರೇ ಹಾಳೆ ಮಡಚಿ ಜೇಬಿಗಿಟ್ಟರು. "ಬರ್ದವರೇ ತನ್ನದಲ್ಲ ಅಂದ್ಮೇಲೆ ಹೌದು ಅನ್ಲಿಕ್ಕೆ ನಾನ್ಯಾರು ಮಾರಾಯ್ರೆ?"

ಸಂಜೆ ಫಲಿತಾಂಶ. ಮೊದಲ ಸ್ಥಾನ ನರಸಿಂಹರಾಜಪುರದ ಒಂದು ತಂಡಕ್ಕೆ. ಅವರು ನಿಜಕ್ಕೂ ಚೆನ್ನಾಗಿ ಹಾಡಿದ್ದರು. ಕೆರೆಕಟ್ಟೆಗೆ ಎರಡನೆಯದು. (ಗುರುವಿನ ಹಾಡೆಂದು ನಾನು ಅರ್ಧ ಮಾರ್ಕೂ ಹೆಚ್ಚು ಹಾಕಿಲ್ಲ. ಹಾಕುವ ಆಸೆಯೇನೋ ಇತ್ತು.) ಸುಜಾತ ಕಪ್ ಹಿಡಿದು ಇಳಿದವಳೇ ಟೀಚರ್ ಕಾಲಿಗೆ ಬಿದ್ದಳು. "ತಪ್ಪಾಯ್ತಮ್ಮಾ, ನಿಮ್ಮನ್ನೇ ತಿದ್ದಿಬಿಟ್ಟೆ."

"ಒಳ್ಳೇದೇ ಮಾಡ್ದೆ. ಇಷ್ಟು ವರ್ಷ ಬೇರೆ ಯಾರೂ ತಿದ್ದಲೇ ಇಲ್ಲ," ಎಂದು ಹೇಳುತ್ತ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಮುಂದಿನ ಶನಿವಾರ ಅವರನ್ನು ಕಾರಿನಲ್ಲಿ ಕೆರೆಕಟ್ಟೆಗೆ ಕರೆದುಕೊಂಡು ಹೋದೆ. ಸುಜಾತಳ ಅಮ್ಮನ ಹೆಸರು ಚಿನ್ನಮ್ಮ. ಅರವತ್ತು ದಾಟಿದವರು, ಉಬ್ಬಸದಿಂದಾಗಿ ಮಾತಿನ ನಡುವೆ ನಿಂತು ನಿಂತು ಮುಂದುವರಿಯುವವರು. ಹಾಡು ಬರೆದವರು ಬರುತ್ತಾರೆಂದು ಕೇಳಿ ಬೆಳಗಿನಿಂದ ಗಾಬರಿಯಲ್ಲಿದ್ದರಂತೆ. ಟೀಚರ್ ಅಂಗಳದಲ್ಲೇ ಅವರ ಕೈ ಹಿಡಿದುಕೊಂಡರು. ಹತ್ತು ನಿಮಿಷದಲ್ಲಿ ಇಬ್ಬರೂ ಜಗಲಿಯಲ್ಲಿ ಕೂತು ಹಾಡುತ್ತಿದ್ದರು. ಒಬ್ಬರಿಗೆ ಉಸಿರು ಕಟ್ಟಿದಾಗ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಗಿಳಿಯ ವಿಷಯವೂ ಬಂತು. ಅದು ಶುಕಪಾಣಿ, ಗಿಳಿ ಹಿಡಿದವಳು ಎಂದು ಟೀಚರ್ ಹೇಳಿದರೆ ಚಿನ್ನಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ನಲವತ್ತು ವರ್ಷದಿಂದ ಆ ಗಿಳೀನ ಕಾಣಲೇ ಇಲ್ವಲ್ಲ ಅಮ್ಮಾ ನಾನು."

ವಾಪಸು ಬರುವಾಗ ಟೀಚರ್ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಸುಸ್ತಾಗಿರಬೇಕು ಅಂದುಕೊಂಡೆ. ಮರುದಿನ ಬೆಳಗ್ಗೆ ಫೋನ್. "ಕೂಸೇ, ಕೇಳು." ಹಾಡತೊಡಗಿದರು. ಹೊಸ ಹಾಡು. ಪುಟ್ಟ ಪುಟ್ಟ ಸಾಲುಗಳು, ಪ್ರತಿ ಸಾಲಿನ ಕೊನೆಗೂ ಉಸಿರು ಎಳೆದುಕೊಳ್ಳಲು ಬೇಕಾದಷ್ಟು ಬಿಡುವು. ಚಿನ್ನಮ್ಮನಿಗೆ ಕಟ್ಟಿದ್ದು. ಎಂಟು ವರ್ಷದ ಹಿಂದೆ, ಕೈ ನಡುಗುತ್ತದೆ, ಇನ್ನು ಸಾಕು ಎಂದು ಪೆನ್ಸಿಲ್ ಕೆಳಗಿಟ್ಟವರು ಅವರು. ಈಗ ಮಗಳಿಂದ ಬರೆಸಿಕೊಂಡಿದ್ದರು.

ಇಷ್ಟು ಖುಷಿಯಾದಾಗ ಪತ್ರಕರ್ತೆಯ ಬುದ್ಧಿ ಎಲ್ಲಿ ಹೋಗುತ್ತದೆ? "ಟೀಚರ್, ಇದನ್ನು ನನ್ನ ಅಂಕಣದಲ್ಲಿ ಹಾಕ್ತೇನೆ. ಈ ಸಲವಾದರೂ ಕೆಳಗೆ ನಿಮ್ಮ ಹೆಸರು ಇರಲಿ," ಅಂದೆ.

"ಹಾಡು ಬೇಕಾದ್ರೆ ಹಾಕು. ಹೆಸರು ಬೇಡ," ಅಂದರು. "ಹೆಸರು ಕಂಡ್ರೆ ಜನ ತಿದ್ದಲಿಕ್ಕೆ ಹೆದರ್ತಾರೆ."

ನಾನು ಹಾಡನ್ನೇ ಹಾಕಿಲ್ಲ, ಹಾಗಾಗಿ ಅದರ ಕೆಳಗೆ ಹೆಸರೂ ಇಲ್ಲ (ಕಥೆ ಹೇಳುವಾಗ ಹೆಸರು ಬಂದದ್ದಕ್ಕೆ ಟೀಚರ್ ಕ್ಷಮಿಸಲಿ). ಹಾಡು ಮೊದಲು ಕೆರೆಕಟ್ಟೆಗೆ ತಲುಪಲಿ, ಚಿನ್ನಮ್ಮನ ಬಾಯಲ್ಲಿ ಒಂದಷ್ಟು ದಿನ ಓಡಾಡಲಿ. ಆದರೆ ನನ್ನದೊಂದು ಚಿಂತೆ: ಈ ಬರಹದ ನೆತ್ತಿಯ ಮೇಲೆ ವಾರವಾರವೂ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ನೋಡಿ ನೀವೂ ಹೆದರಿಕೊಂಡೇ ಇಷ್ಟು ವರ್ಷ ಸುಮ್ಮನಿದ್ದಿರಾ?