ನಜ್ಮಾ ಎಣಿಸುವ ಜೀವಕೋಶಗಳು

ನಜ್ಮಾಳ ಕೆಲಸ ಏನೆಂದು ರಾಣೆಬೆನ್ನೂರಿನ ಅವಳ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಧಾರವಾಡದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆಂದೇ ತಿಳಿದಿದ್ದರು. ಅವಳೂ ತಿದ್ದಲಿಲ್ಲ; ನಿಜ ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ಗರ್ಭ ತೆಗೆಸಬೇಕಾಗಿ ಬಂದ ತಾಯಂದಿರು ಒಪ್ಪಿ ಸಹಿ ಮಾಡಿದರೆ, ಆ ಭ್ರೂಣದ ಮೆದುಳಿನಿಂದ ಅಕ್ಕಿಕಾಳಿಗಿಂತ ಸಣ್ಣ ಭಾಗವೊಂದನ್ನು ಬಿಡಿಸಿ, ಜೀವಕೋಶಗಳನ್ನು ಬೇರ್ಪಡಿಸಿ ಕಸಿಗೆ ಸಿದ್ಧಪಡಿಸುವುದು ಅವಳ ಕೆಲಸ. ಬಣ್ಣ ಹಾಕಿದರೆ ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣ ಹಿಡಿಯುವುದಿಲ್ಲ. ಬದುಕಿದವನ್ನು ಎಣಿಸಬೇಕು. ಕಸಿ ನಡೆಯುವುದು ಇಲಿಗಳ ಮೇಲೆ. ಪಾರ್ಕಿನ್ಸನ್ ಕಾಯಿಲೆಗೆ ದಾರಿ ಸಿಕ್ಕೀತೇ ಎಂದು ನೋಡಲು.

ಅದೇ ಕಾಯಿಲೆ ಅವಳ ಅಬ್ಬಾ ಇಸಾಕಸಾಬರಿಗೆ. ಮೇಡ್ಲೇರಿಗೆ ಟೆಂಪೊ ಓಡಿಸುತ್ತಿದ್ದ ಕೈ ಈಗ ಚಹಾದ ಕಪ್ಪು ಹಿಡಿಯಲೂ ಒದ್ದಾಡುತ್ತಿತ್ತು.

ರಜೆಗೆ ಬಂದಾಗ ತಮ್ಮ ಆರಿಫ್ ಬಾಗಿಲಲ್ಲೇ ಹೇಳಿದ: “ಹಾವೇರಿಯಾಗ ಒಬ್ಬಾವ ಕೋಶದ ಇಂಜೆಕ್ಷನ್ ಕೊಡ್ತಾನಂತ ಅಕ್ಕಾ. ನಾಳೆ ಅಬ್ಬಾನ ಕರಕೊಂಡು ಹೊಂಟೇವಿ.”

ಅವಳೂ ಹೊರಟಳು. ಬಸ್ಸಿನಲ್ಲಿ ಒಂದು ಕಡೆ ಕುಳಿತುಕೊಳ್ಳಲಾಗದೆ ಎರಡು ಸಲ ಸೀಟು ಬದಲಿಸಿದಳು.

ಬಾಡಿಗೆ ಕೋಣೆಯ ಆ ದವಾಖಾನೆಯಲ್ಲಿ ಅವಳು ಕೇಳಿದ್ದು ಇಷ್ಟೇ: “ಕೋಶ ಯಾರವು ರೀ? ಯಾರು ಸಹಿ ಮಾಡ್ಯಾರ? ನೂರಕ್ಕ ಎಷ್ಟು ಜೀವಂತ ಇರ್ತಾವ?”

“ಫಾರೆನ್ ಮಾಲು ರೀ ಮೇಡಂ,” ಎಂದು ನಕ್ಕ ಇಂಜೆಕ್ಷನ್ ಕೊಡುವವನು ಫ್ರಿಜ್ಜಿನ ಬಾಗಿಲು ಮುಚ್ಚಿದ. ಒಳಗಿದ್ದ ಶೀಶೆಗಳ ಮೇಲೆ ಚೀಟಿಯೇ ಇರಲಿಲ್ಲ.

ನಜ್ಮಾ ಅಬ್ಬಾನ ಕೈ ಹಿಡಿದು ಹೊರಗೆ ಕರೆತಂದಳು. ಅವರು ರಸ್ತೆಯಲ್ಲೇ ಸಿಡಿದರು: “ಇಲಿಗೆ ಹಾಕತಿ, ಅಪ್ಪಗ ಬ್ಯಾಡೇನು?”

“ಅದು ಇನ್ನೂ ಖಾತ್ರಿ ಆಗಿಲ್ರಿ ಅಬ್ಬಾ. ಹೆಚ್ಚುಕಮ್ಮಿ ಆದ್ರ ತಲ್ಯಾಗ ಗಂಟು ಬೆಳೀತೈತಿ. ಆ ಶೀಶ್ಯಾಗ ಏನೈತಿ ಅನ್ನೂದು ಅವಗೂ ಗೊತ್ತಿಲ್ಲ.”

ಎರಡು ದಿನ ಅವರು ಮಗಳೊಂದಿಗೆ ಮಾತಾಡಲಿಲ್ಲ. ಅವಳು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗಿದಳು. ತಡೆದದ್ದು ಸರಿ ಎಂದು ಗೊತ್ತಿತ್ತು. ಗೊತ್ತಿದ್ದರೂ ಅಬ್ಬಾನ ಕೈ ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಅವರೇ ಕೇಳಿದರು: “ಆ ತಾಯಂದ್ರು ಸಹಿ ಮಾಡುವಾಗ ಅಳತಾರೇನು?”

“ನಾ ನೋಡೂದಿಲ್ರಿ. ನನಗ ಬರೂದು ಡಬ್ಬಿ, ಅದರ ಮ್ಯಾಲ ಒಂದು ನಂಬರ್ ಅಷ್ಟ.”

“ಹಂಗಾರ ಆ ಡಬ್ಬಿ ಹಗೂರಕ ಹಿಡಿಯವ್ವಾ,” ಎಂದರು ಇಸಾಕಸಾಬರು.

ಮರುದಿನ ಅವರನ್ನು ನರರೋಗದ ವೈದ್ಯರಿಗೆ ತೋರಿಸಿದಳು. ನುಂಗುತ್ತಿದ್ದ ಗುಳಿಗೆಯ ಹೊತ್ತನ್ನು ವೈದ್ಯರು ಬದಲಿಸಿದರು.

ಸೋಮವಾರ ಲ್ಯಾಬಿನಲ್ಲಿ ನೂರಕ್ಕೆ ಅರವತ್ತೊಂದು ಕೋಶ ಮಾತ್ರ ಬದುಕಿದ್ದವು. ಎಂಬತ್ತಕ್ಕಿಂತ ಕಡಿಮೆಯಾದರೆ ಕಸಿಗೆ ಬಳಸುವಂತಿಲ್ಲ. ಮತ್ತೆ ಎಣಿಸಿದಳು, ಅಷ್ಟೇ ಬಂತು. ಎದ್ದು ಕೈ ತೊಳೆದಳು, ಕುಳಿತಳು, ಮತ್ತೆ ಎದ್ದಳು. ಕೊನೆಗೆ ಮನೆಗೆ ಫೋನ್ ಮಾಡಿದಳು.

“ಇವತ್ತ ಅಂಗಿ ಗುಂಡಿ ನಾನ ಹಾಕ್ಕೊಂಡೆ,” ಎಂದರು ಅಬ್ಬಾ. “ಅರ್ಧ ತಾಸು ಹಿಡೀತು. ನಿಂದು ಏನಾತು?”

“ಆಗಲಿಲ್ರಿ ಅಬ್ಬಾ.”

“ಮತ್ತ ಯಾವಾಗ?”

“ಗೊತ್ತಿಲ್ರಿ. ಇನ್ನೊಬ್ಬ ತಾಯಿ ಸಹಿ ಮಾಡಬೇಕು,” ಎಂದಳು ನಜ್ಮಾ.