ಬಂಡೆಗುಡ್ಡದ ಮೇಲಿಂದ ಬೀಸಿದ ಕೆಂಪು ಬಟ್ಟೆ

“ಮಳೆ ಮೊದ್ಲು ಹೊಸಕೋಟೆ ಕಡೆ ಕಪ್ಪಾಗುತ್ತೆ ಕಣೆ ಯಮುನಾ. ಅದು ಇಲ್ಲಿಗೆ ಬರೋದ್ರೊಳಗೆ ಹಗ್ಗದ ಮೇಲಿನ ಬಟ್ಟೆ ಎಲ್ಲಾ ಎತ್ತಿಡಬಹುದು. ಕೆಳಗೆ ನಿಂತವ್ರಿಗೆ ಎಲ್ಲಿ ಕಾಣ್ಬೇಕು? ಅದಕ್ಕೇ ನಮ್ಮೆಜಮಾನ್ರು ನನ್ನ ಗುಡ್ಡ ಹತ್ತಿಸ್ತಿದ್ರು. ನಾನು ಮೇಲಿಂದ ಕೆಂಪು ಬಟ್ಟೆ ಬೀಸಿದ್ರೆ ಮಳೆ ಬರ್ತಿದೆ ಅಂತ. ಅವ್ರು ಕೆಳಗಿಂದ ಬಿಳೀದು ಬೀಸಿದ್ರೆ ಗೊತ್ತಾಯ್ತು ಅಂತ. ಜಗಳ ಆಡಿ ಮಾತು ಬಿಟ್ಟ ದಿನಾನೂ ಬೀಸೋರು ಕಣೆ. ಮನೇಲಿ ಮೂತಿ ತಿರುಗಿಸಿದ್ರೂ, ಗುಡ್ಡಕ್ಕೆ ಮಾತ್ರ ಜವಾಬು ಕೊಡೋರು.”

ಗಂಗಲಕ್ಷ್ಮಮ್ಮ ಇದನ್ನು ಹೇಳುತ್ತಿದ್ದುದು ಕೆ.ಆರ್. ಪುರದಾಚೆ, ಗುಡ್ಡದ ಬುಡದ ದೋಬಿಘಾಟಿನಲ್ಲಿ. ಅವಳ ಗಂಡ ದೊಡ್ಡಮುನಿಯಪ್ಪ ತೀರಿಕೊಂಡ ಮೇಲೆ ಅವನ ಒಗೆಯುವ ಕಲ್ಲು ಯಮುನಾಳದಾಗಿತ್ತು. ಯಮುನಾಳ ಒಂದು ಕಿವಿ ಫೋನಿನ ಧಾರಾವಾಹಿಯಲ್ಲಿತ್ತು.

“ಈಗ ಫೋನಲ್ಲೇ ಮಳೆ ತೋರ್ಸುತ್ತೆ ದೊಡ್ಡಮ್ಮ. ಸುಮ್ನೆ ಮಂಡಿ ಸವೆಸ್ಕೋಬೇಡಿ.”

“ನಿನ್ನ ಫೋನು ಹೋದ್ವಾರ ಬಿಸಿಲು ಅಂತ ಹೇಳಿ, ಲಾಡ್ಜಿನ ಶೀಟೆಲ್ಲಾ ನೆನೆಸ್ತಲ್ಲೇ!”

ಯಮುನಾ ನಕ್ಕಳು. “ಸರಿ, ಹೋಗಿ ಬೀಸಿ. ನಾನೂ ಬಿಳೀದು ಬೀಸ್ತೀನಿ.”

ಅಷ್ಟು ಸಾಕಾಯಿತು ಮುದುಕಿಗೆ. ಗಂಡ ಹೋದ ಮೇಲೂ ಅವಳು ದಿನವೂ ಗುಡ್ಡ ಹತ್ತುತ್ತಿದ್ದಳು. ಕೆಳಗಿನಿಂದ ಒಬ್ಬರೂ ತಲೆಯೆತ್ತಿ ನೋಡಿರಲಿಲ್ಲ. ಕೆಂಪು ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲಿನ ಕಂಬಿ ಹಿಡಿದು, ಕೂತು ಎದ್ದು ಹತ್ತಿದಳು.

ಹಿಂದೆ ಕುರಿ ಮೇಯುತ್ತಿದ್ದ ಬಂಡೆಯ ಮೇಲೆ ಈಗ ಊರು ನೋಡಲು ಬರುವ ಜನ. ತೂಗುಸೇತುವೆಯ ಆಚೆ ಮೆಟ್ರೋ ಸರಿಯುತ್ತಿತ್ತು; ಇಂದಿರಾನಗರದ ಗಾಜಿನ ಕಟ್ಟಡಗಳಿಗೆ ಇಳಿಬಿಸಿಲು ಬಿದ್ದಿತ್ತು. ಎಲ್ಲರೂ ಫೋನು ಹಿಡಿದು ಅತ್ತಲೇ ನೋಡುತ್ತಿದ್ದರು. ಗಂಗಲಕ್ಷ್ಮಮ್ಮ ಒಬ್ಬಳೇ ಅವರಿಗೆ ಬೆನ್ನು ಮಾಡಿ ಹೊಸಕೋಟೆಯ ಕಡೆ ನೋಡುತ್ತಾ ಕುಳಿತಳು.

ಆಕಾಶದ ಅಂಚು ಕಪ್ಪಾಯಿತು. ಎದ್ದು ನಿಂತು ಕೆಂಪು ಬಟ್ಟೆ ಬೀಸಿದಳು.

“ಆಂಟಿ, ಯಾರಿಗೆ ಟಾಟಾ?” ಎಂದು ಒಬ್ಬ ಹುಡುಗಿ ತಾನೂ ಕೈಬೀಸಿದಳು. ಅವಳ ಜೊತೆಯವರೂ ನಗುತ್ತಾ ಬೀಸಿದರು.

ಅಷ್ಟರಲ್ಲಿ ಕೆಳಗೆ ಹಗ್ಗಗಳ ನಡುವೆ ಬಿಳಿ ಬಟ್ಟೆಯೊಂದು ಎದ್ದು ಇಳಿಯಿತು. ಇನ್ನೊಮ್ಮೆ ಎದ್ದು ಇಳಿಯಿತು. ಗಂಡ ತಲೆಯ ಮೇಲೆ ಸುತ್ತಿಸಿ ಬೀಸುತ್ತಿದ್ದ, ಇದು ಹಾಗಿರಲಿಲ್ಲ. ಇವಳಿಗೇನು ಗೊತ್ತು, ಹೊಸಬಳು, ಎಂದುಕೊಂಡಳು. “ನೋಡಿದಳು, ನೋಡಿದಳು,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಇಳಿದಳು.

ಅರ್ಧ ದಾರಿಯಲ್ಲೇ ಮಳೆ ಹಿಡಿಯಿತು, ಬಂದ ಹಾಗೇ ನಿಂತಿತು. ಘಾಟಿಗೆ ಬಂದು ನೋಡಿದರೆ ಶೀಟುಗಳೆಲ್ಲಾ ಹಗ್ಗದ ಮೇಲೇ ತೊಟ್ಟಿಕ್ಕುತ್ತಿವೆ, ಅಂಚಿಗೆಲ್ಲಾ ಕೆಸರು ಸಿಡಿದಿದೆ.

“ಅಯ್ಯೋ ದೊಡ್ಡಮ್ಮ, ನೀವು ಬೀಸಿದ್ರಾ? ಮರ್ತೇಬಿಟ್ಟೆ ಕಣ್ರೀ!”

“ನೀನೂ ಬೀಸಿದ್ಯಲ್ಲೇ, ಬಿಳೀದು.”

ಯಮುನಾ ನೆನಪು ಮಾಡಿಕೊಂಡಳು. “ಅದಾ? ಹಗ್ಗಕ್ಕೆ ಹಾಕೋಕೆ ಶೀಟು ಜಾಡಿಸ್ದೆ ಅಷ್ಟೆ.”

ಹುಟ್ಟಿದಾಗಿನಿಂದ ಶೀಟು ಜಾಡಿಸಿಕೊಂಡು ಬಂದವಳು ಗಂಗಲಕ್ಷ್ಮಮ್ಮ. ಒದ್ದೆಯಾದ ಕೆಂಪು ಬಟ್ಟೆಯನ್ನು ಹಗ್ಗದ ಹುರಿಯ ಎಳೆಗಳ ನಡುವೆ ಸಿಕ್ಕಿಸಿ, ಕೆಸರಾದ ಶೀಟೊಂದನ್ನು ತೊಟ್ಟಿಯಲ್ಲಿ ಅದ್ದಿ ಎತ್ತಿದಳು. ಹಿಂಡುವಾಗ ಆ ತುದಿ ಹಿಡಿಯಬೇಕಾದ ಯಮುನಾ ಫೋನು ಬಂತೆಂದು ಚಾವಣಿಯಡಿಗೆ ಹೋದಳು. ಗಂಗಲಕ್ಷ್ಮಮ್ಮ ಆ ತುದಿಯನ್ನು ಕಲ್ಲುಕಂಬಕ್ಕೆ ಸುತ್ತಿ, ಈ ತುದಿ ಹಿಡಿದು, ನಿಧಾನವಾಗಿ ಹಿಂಡತೊಡಗಿದಳು.