ನಕ್ಷೆಗೆ ಕೂರದ ಕಣ್ಣು

ಕ್ಷೌರಿಕನ ಕೈ ನಡುಗಬಾರದು, ಕಣ್ಣು ಮಂಜಾಗಬಾರದು. ನನ್ನ ಕೈಯೇನೋ ಗಟ್ಟಿ; ಕಣ್ಣಿನ ವಿಷಯ ಮಾತ್ರ ಕೇಳಬೇಡಿ. ಕನ್ನಡಕ ತೆಗೆದರೆ ಗಿರಾಕಿಯ ಕಿವಿ ಎಲ್ಲಿದೆಯೆಂದು ತಡಕಾಡಬೇಕು. ಸೋಡಾಬುಡ್ಡಿ ಕನ್ನಡಕದವನ ಕತ್ತಿಗೆ ಯಾರು ಕುತ್ತಿಗೆ ಕೊಡುತ್ತಾರೆ? ಅದಕ್ಕೇ ವರ್ಷಗಟ್ಟಲೆ ಗುಟ್ಟಾಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು, ಹದ್ದಿನ ಕಣ್ಣಿನವನಂತೆ ಬೀಗುತ್ತಿದ್ದೆ. ಕೂದಲ ಚೂರು, ಪೌಡರು ಬಿದ್ದು ಕಣ್ಣು ಉರಿದು ಕೆಂಪಾಗುತ್ತಿತ್ತು. ಗಿರಾಕಿಗಳು ಬೇರೆ ಒಬ್ಬೊಬ್ಬರಾಗಿ ಎದುರಿನ ಹೊಸ ಅಂಗಡಿಗೆ ಜಾರುತ್ತಿದ್ದರು. ನನ್ನ ಕಣ್ಣಿನ ಗುಟ್ಟು ರಟ್ಟಾಗಿದೆಯೆಂದು ಹೆದರಿ, ದೃಷ್ಟಿ ಸರಿಪಡಿಸುವ ಲೇಸರ್ ಮಾಡಿಸಲು ಆಸ್ಪತ್ರೆಗೆ ಹೊರಟೆ.

ಮೊದಲು ಕಣ್ಣಿನ ನಕ್ಷೆ ತೆಗೆಯುತ್ತಾರೆ. ಮೆಷಿನ್ನಿಗೆ ಗಲ್ಲ, ಹಣೆ ಆನಿಸಿ, ಒಳಗಿನ ಬೆಳಕಿನ ಬಳೆಗಳನ್ನೇ ನೋಡುತ್ತ ರೆಪ್ಪೆ ಬಡಿಯದೆ ಕೂರಬೇಕು. ಕಣ್ಣಿನ ಮೇಲ್ಪದರದ ಉಬ್ಬುತಗ್ಗು ಪರದೆಯ ಮೇಲೆ ಬಣ್ಣಬಣ್ಣವಾಗಿ ಮೂಡುತ್ತದೆ. ಅವರವರ ನಕ್ಷೆಯಂತೆ ಅವರವರ ಕಣ್ಣಿಗೆ ಲೇಸರ್. ಊರಿಗೆಲ್ಲ "ಅಲ್ಲಾಡಬೇಡಿ" ಎಂದು ಗದರುವ ನಾನು ಅಲ್ಲಿ ನೆಟ್ಟಗೆ ಕೂರಲಾರದೆ ಬೈಸಿಕೊಂಡೆ.

ನಕ್ಷೆ ತೆಗೆಯುವ ಹುಡುಗಿ ಹುಬ್ಬು ಗಂಟಿಕ್ಕಿದಳು. "ಸರ್, ಎರಡು ವಾರದಿಂದ ಲೆನ್ಸ್ ಹಾಕಿಲ್ಲ ತಾನೆ?"

"ಛೆ ಛೆ, ಮುಟ್ಟೇ ಇಲ್ಲ!"

"ಆಕಾರ ಸೊಟ್ಟಗೆ ಬರ್ತಿದೆಯಲ್ಲ?"

"ಮೆಷಿನ್ನೇ ಸರಿಯಿಲ್ವೇನೋ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಪಕ್ಕದಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ಈಗ ತಾನೆ ತೆಗೆದು ಜೇಬಿಗೆ ಹಾಕ್ಕೊಂಡ್ರಲ್ರೀ! ಸ್ವಂತ ಕಣ್ಣಿನ ವಿಷಯಕ್ಕೂ ಸುಳ್ಳಾ?"

"ಲೆನ್ಸ್ ಒತ್ತಿ ಒತ್ತಿ ಆಕಾರ ಬದಲಾಗಿರುತ್ತೆ ಸರ್," ಎಂದಳು ಹುಡುಗಿ. "ಈ ನಕ್ಷೆ ನಂಬಿ ಲೇಸರ್ ಮಾಡಿದ್ರೆ ದೃಷ್ಟಿ ಕೆಟ್ಟುಹೋಗುತ್ತೆ. ಎರಡು ವಾರ ಕನ್ನಡಕ ಹಾಕ್ಕೊಂಡು ಆಮೇಲೆ ಬನ್ನಿ."

ಟೋಪಿ ಒತ್ತಿದ ಕೂದಲನ್ನು ನೆನೆಸಿ ಏಳಿಸದೆ ಕತ್ತರಿಸಬಾರದು ಎಂದು ಬಲ್ಲವನಿಗೆ ಇಷ್ಟೂ ಹೊಳೆಯಬಾರದೆ! ಬೇರೆ ದಾರಿಯಿಲ್ಲದೆ ಕನ್ನಡಕ ಏರಿಸಿ ಅಂಗಡಿ ತೆರೆದೆ. ಯಾರಾದರೂ ಇಣುಕಿದರೆ ಬಗ್ಗಿ ನೆಲ ಗುಡಿಸುತ್ತಿದ್ದೆ.

ಮತ್ತೆ ನಕ್ಷೆಗೆ ಹೋಗಬೇಕಾದ ದಿನ ಬೆಳಿಗ್ಗೆ ಡ್ರೈವರಣ್ಣ ಬಂದರು. ಬಸ್ ಓಡಿಸಿ ನಿವೃತ್ತರಾದವರು. ತಪ್ಪದೆ ಬರುವ ಗಿರಾಕಿ ಎಂದು ಉಳಿದಿದ್ದವರು ಅವರೊಬ್ಬರೇ. ಮಗಳ ಮನೆಗೆ ಹೋಗಿ ಆಗಷ್ಟೇ ಮರಳಿದ್ದರು. ನನ್ನ ಮುಖವನ್ನೇ ದಿಟ್ಟಿಸಿದರು. ಕನ್ನಡಕ ಕಂಡು ಇವರೂ ಕೈಬಿಟ್ಟರು ಎಂದುಕೊಂಡೆ.

"ಕಣ್ಣು ಬೆಳ್ಳಗಾಗಿದೆಯಲ್ಲೋ! ಕುಡಿಯೋದು ಬಿಟ್ಟುಬಿಟ್ಯಾ?"

"ಕುಡಿಯೋದಾ? ನಾನಾ? ಒಂದು ತೊಟ್ಟೂ ಮುಟ್ಟಿದವನಲ್ಲ ಅಣ್ಣ!"

"ಮತ್ತೆ ದಿನಾ ಆ ಕೆಂಗಣ್ಣು? ಬೀದಿಯೆಲ್ಲ ಅದೇ ಮಾತು. ಅದಕ್ಕೇ ಅಲ್ವೇನೋ ಎಲ್ಲರೂ ಆ ಕಡೆ ಹೋಗಿದ್ದು?"

ಲೆನ್ಸಿನ ಕಥೆಯನ್ನು ತೊದಲುತ್ತ ಹೇಳಿದೆ. ಮಾನ ಉಳಿಸಿಕೊಳ್ಳಲು ಹಾಕಿಕೊಂಡದ್ದೇ ನನ್ನ ಮಾನ ಕಳೆದಿತ್ತು. ಜಾಣ ಎಂದರೆ ನಾನೇ!

"ಹಾಗಾದ್ರೆ ನೀವ್ಯಾಕೆ ಬರ್ತಿದ್ರಿ ಅಣ್ಣ? ಹೆದರಿಕೆ ಆಗ್ತಿರ್ಲಿಲ್ವಾ?"

"ಆಗದೆ ಏನು? ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತಿದ್ದೆ. ನಾನೂ ಬಿಟ್ರೆ ನಿನ್ನ ಅಂಗಡಿಗೆ ಇನ್ಯಾರೋ ಬರ್ತಾರೆ? ಮಕ್ಕಳೊಂದಿಗ ನೀನು."

ಕನ್ನಡಕ ಒರೆಸಿಕೊಂಡೆ. ಬಟ್ಟೆ ಹೊದಿಸಿ ನೊರೆ ಹಚ್ಚತೊಡಗಿದೆ. ಅವರು ಹಿಂದಕ್ಕೆ ಒರಗಿ, ಗಲ್ಲ ಎತ್ತಿ, ನನ್ನ ಕುರ್ಚಿಯಲ್ಲಿ ಮೊದಲ ಸಲ ಕಣ್ಣು ಮುಚ್ಚಿದರು. ಅರ್ಧ ಗಡ್ಡ ಇಳಿಯುವಷ್ಟರಲ್ಲಿ ಗೊರಕೆ ಶುರುವಾಯಿತು.

ಆಸ್ಪತ್ರೆಯಿಂದ ಫೋನ್ ಬಂತು. "ಸರ್, ನಕ್ಷೆಗೆ ನಿಮ್ಮನ್ನೇ ಕಾಯ್ತಿದ್ದೀವಿ. ಎಲ್ಲಿದ್ದೀರಿ?"

"ಇವತ್ತು ಆಗಲ್ಲಮ್ಮ," ಎಂದು ಪಿಸುಗುಟ್ಟಿದೆ. "ಅಣ್ಣ ನಿದ್ದೆ ಮಾಡ್ತಿದ್ದಾರೆ."